ತಕ್ಕಡಿಯನ್ನು ವೇದಿಕೆಗೆ ತರಬೇಡಿ



ಕಳೆದ ಸಂಚಿಕೆಯ ಕೊನೆಯ ಪುಟದಲ್ಲಿ, ಪಾಟ್‌ಲಕ್ಕಿಗೆ ಯಾರು ಏನು ತರಬೇಕೆಂಬ ಪಟ್ಟಿಯ ಕೆಳಗೆ, ಚೌಕದೊಳಗೊಂದು ಪ್ರಕಟಣೆಯಿತ್ತು. ಎಲ್ಲರೂ ಓದಿರುತ್ತೀರಿ. ಸಂಕ್ರಾಂತಿಯ ಕಾರ್ಯಕ್ರಮದಲ್ಲಿ ಹೆಸರು ಕೊಟ್ಟವರ ತೂಕ ಬರೆದುಕೊಳ್ಳುವುದು. ಯುಗಾದಿಯ ದಿನ ವೇದಿಕೆಯ ಮೇಲೆ ಎಲ್ಲರೆದುರಿಗೆ ಮತ್ತೆ ತೂಗಿ ಮೈಕಿನಲ್ಲಿ ಓದುವುದು. ಎಲ್ಲರಿಗಿಂತ ಹೆಚ್ಚು ಇಳಿಸಿದವರಿಗೆ ಬೆಳ್ಳಿಯ ದೀಪ, ಏರಿಸಿಕೊಂಡು ಬಂದವರಿಗೆ ‘ಕುಂಭಕರ್ಣ ಪ್ರಶಸ್ತಿ’. ಕೊನೆಗೆ ದಪ್ಪ ಅಕ್ಷರದಲ್ಲಿ ಗಾದೆ: ಊಟ ಬಲ್ಲವನಿಗೆ ರೋಗವಿಲ್ಲ.

ಪ್ರಕಟಣೆ ಬರೆದವರು ನಮ್ಮ ಸ್ನೇಹಿತರೇ. ಅವರ ಉದ್ದೇಶವೂ ಒಳ್ಳೆಯದೇ. ನಮ್ಮ ಜನರಲ್ಲಿ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಬೇಗ ಬರುತ್ತವೆ ಎಂಬುದನ್ನು ವೈದ್ಯರಾದ ನಾವು ಬೇರೆಯವರಿಂದ ಕೇಳಿ ತಿಳಿಯಬೇಕಾಗಿಲ್ಲ; ದಿನವೂ ಕ್ಲಿನಿಕ್ಕಿನಲ್ಲಿ ನೋಡುತ್ತೇವೆ. ಆದರೂ ಈ ಸ್ಪರ್ಧೆ ಬೇಡ ಎಂದು ಖಡಾಖಂಡಿತವಾಗಿ ಹೇಳುವುದಕ್ಕೇ ಈ ಲೇಖನ. ತಮಾಷೆ ಅರ್ಥವಾಗದ ಡಾಕ್ಟರೆಂದು ಯಾರಾದರೂ ಅಂದರೆ ಅನ್ನಲಿ.

ಗಾದೆಯಿಂದಲೇ ಶುರು ಮಾಡೋಣ. ಊಟ ಬಲ್ಲವನಿಗೆ ರೋಗವಿಲ್ಲ, ಒಪ್ಪಿದೆವು. ಆದರೆ ಊಟವನ್ನು ‘ಬಲ್ಲವ’ನಾಗುವುದಕ್ಕೆ ಎಷ್ಟೋ ವರ್ಷ ಮೊದಲೇ ಮನುಷ್ಯ ಬೇರೆಯವರ ಕೈಯಿಂದ ಉಂಡಿರುತ್ತಾನೆ, ಅದಕ್ಕೂ ಮೊದಲು ತಾಯಿಯ ಹೊಕ್ಕುಳ ಬಳ್ಳಿಯಿಂದ. ಆ ದಿನಗಳಲ್ಲಿ ಊಟ ಸಿಕ್ಕಿತೋ ಇಲ್ಲವೋ, ಸಿಕ್ಕಿದ್ದು ಪ್ರೀತಿಯ ಜೊತೆ ಸಿಕ್ಕಿತೋ ಬೈಗುಳದ ಜೊತೆ ಸಿಕ್ಕಿತೋ ಎಂಬುದು ಅವನ ಆಯ್ಕೆಯಲ್ಲ. ನಮ್ಮ ವಾದ ಇಷ್ಟೇ: ಐವತ್ತನೆಯ ವಯಸ್ಸಿನಲ್ಲಿ ತಕ್ಕಡಿ ತೋರಿಸುವ ಅಂಕಿಯಲ್ಲಿ ಒಂದು ಪಾಲು ಎಳವೆಯಲ್ಲೇ ಬರೆದಿಟ್ಟದ್ದು. ಆ ಪಾಲಿಗಾಗಿ ಒಬ್ಬರನ್ನು ವೇದಿಕೆ ಹತ್ತಿಸಿ ನಗುವುದು ವೈದ್ಯಕೀಯವಾಗಿ ತಪ್ಪು. ಮನುಷ್ಯರಾಗಿ ಇನ್ನೂ ದೊಡ್ಡ ತಪ್ಪು.

ಇದು ಸೋಮಾರಿಗಳಿಗೆಂದು ನಾವು ಕಟ್ಟಿದ ನೆಪವಲ್ಲ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರ ಚಳಿಗಾಲದಲ್ಲಿ, ಹಾಲೆಂಡಿನ ಪಶ್ಚಿಮದ ನಗರಗಳಿಗೆ ಆಹಾರ ಬರುವುದನ್ನು ಜರ್ಮನ್ ಸೇನೆ ತಡೆಯಿತು. ದಿನದ ಪಡಿತರ 1000 ಕ್ಯಾಲೊರಿಗಿಂತ ಕೆಳಗಿಳಿಯಿತು. ಜನ ಟ್ಯುಲಿಪ್ ಹೂವಿನ ಗೆಡ್ಡೆ ಬೇಯಿಸಿ ತಿಂದರು. ಆಗ ಗರ್ಭದಲ್ಲಿದ್ದ ಗಂಡುಮಕ್ಕಳಿಗೆ ಹತ್ತೊಂಬತ್ತು ತುಂಬಿದಾಗ ಸೇನೆಗೆ ಸೇರಿಸಿಕೊಳ್ಳುವ ಮೊದಲು ವೈದ್ಯಕೀಯ ಪರೀಕ್ಷೆ ನಡೆಯಿತು. ಅಂಥ ಸುಮಾರು ಮೂರು ಲಕ್ಷ ಯುವಕರ ದಾಖಲೆಗಳನ್ನು ತೆಗೆದು ನೋಡಿದ ವರದಿ 1976ರಲ್ಲಿ ಪ್ರಕಟವಾಯಿತು. ತಾಯಿ ಗರ್ಭದ ಮೊದಲ ಅರ್ಧದಲ್ಲಿ ಹಸಿದಿದ್ದರೆ ಮಗ ಬೊಜ್ಜಿನವನಾಗುವ ಸಂಭವ ಹೆಚ್ಚಾಗಿತ್ತು. ಹಸಿವು ಗರ್ಭದ ಕೊನೆಯ ತಿಂಗಳುಗಳಲ್ಲಿ ಮತ್ತು ಹುಟ್ಟಿದ ಮೇಲಿನ ಮೊದಲ ತಿಂಗಳುಗಳಲ್ಲಿ ಬಂದಿದ್ದರೆ ಅದೇ ಸಂಭವ ಕಡಿಮೆಯಾಗಿತ್ತು.

ಎರಡನೆಯ ವಾಕ್ಯವನ್ನು ನಾವು ಬೇಕೆಂದೇ ಬರೆದಿದ್ದೇವೆ. ಪ್ರತಿಯೊಂದು ಕಷ್ಟವೂ ಮೈ ದಪ್ಪ ಮಾಡುತ್ತದೆ ಎಂದು ನಾವು ಹೇಳುತ್ತಿಲ್ಲ. ಕಷ್ಟ ಯಾವಾಗ ಬಂತು, ಅದರ ಹಿಂದೆಯೇ ಏನು ಬಂತು ಎಂಬುದರ ಮೇಲೆ ಲೆಕ್ಕ ಬದಲಾಗುತ್ತದೆ. ಆದರೆ ಯಾರ ಇಚ್ಛಾಶಕ್ತಿಗೂ ಸಂಬಂಧವಿಲ್ಲದ ಒಂದು ಚಳಿಗಾಲ ಹತ್ತೊಂಬತ್ತು ವರ್ಷದ ನಂತರ ಸೊಂಟದ ಮೇಲೆ ಕಾಣಿಸಿಕೊಂಡಿತು ಎಂಬುದನ್ನು ಅಲ್ಲಗಳೆಯುವಂತಿಲ್ಲ.

ಹಾಲೆಂಡಿನ ಕತೆ ನಮಗೇಕೆ ಎನ್ನುವವರು ಮೈಸೂರಿಗೆ ಬನ್ನಿ. ಮೈಸೂರಿನವರು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ನೋಂದಣಿ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಇಂಗ್ಲೆಂಡಿನ ಸೌತಾಂಪ್ಟನ್ನಿನ ವೈದ್ಯರು ಅಲ್ಲಿನವರೊಡನೆ ಸೇರಿ ಆ ಪುಸ್ತಕಗಳನ್ನು ಹಿಡಿದು, 1934ರಿಂದ 1954ರೊಳಗೆ ಅಲ್ಲಿ ಹುಟ್ಟಿ ಇನ್ನೂ ಆ ಭಾಗದಲ್ಲೇ ಇದ್ದ 517 ಜನರನ್ನು ಹುಡುಕಿ ಪರೀಕ್ಷಿಸಿದರು. 1996ರಲ್ಲಿ ಬಂದ ಫಲಿತಾಂಶ: ಹುಟ್ಟುವಾಗ 2.5 ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಜನರಿಗೆ ಹೃದಯದ ರಕ್ತನಾಳದ ಕಾಯಿಲೆ, 3.1 ಕಿಲೋ ಮೀರಿದ್ದವರಲ್ಲಿ ನೂರಕ್ಕೆ 3 ಜನರಿಗೆ. ಸಕ್ಕರೆ ಕಾಯಿಲೆಯ ಲೆಕ್ಕ ಮಾತ್ರ ಬೇರೆಯಾಗಿತ್ತು: 1998ರ ವರದಿಯಂತೆ ಅದು ಹೆಚ್ಚು ಕಂಡದ್ದು, ಮೈ ತೂಕ ಹೆಚ್ಚಿದ್ದ ತಾಯಂದಿರಿಗೆ ಹುಟ್ಟಿದ, ಉದ್ದಕ್ಕಿಂತ ದಪ್ಪವಾಗಿದ್ದ ಕೂಸುಗಳಲ್ಲಿ. ಎರಡರಿಂದಲೂ ತಿಳಿಯುವುದು ಒಂದೇ: ಲೆಕ್ಕದ ಪುಸ್ತಕ ತೆರೆದದ್ದು ತೊಟ್ಟಿಲಿಗೂ ಮೊದಲು.

ಇನ್ನು ಪುಣೆ. ಡಾ. ಚಿತ್ತರಂಜನ ಯಾಜ್ಞಿಕರೂ ಅವರ ಸಂಗಡಿಗರೂ ಅಲ್ಲಿನ ಹಳ್ಳಿಗಳ ಕೂಸುಗಳನ್ನು ಸೌತಾಂಪ್ಟನ್ನಿನ ಕೂಸುಗಳ ಜೊತೆ ಹೋಲಿಸಿದರು. ಪುಣೆಯ ಕೂಸು ಸರಾಸರಿ 2.7 ಕಿಲೋ, ಇಂಗ್ಲೆಂಡಿನದು 3.5 ಕಿಲೋ. ಕಡಿಮೆಯಾಗಿದ್ದದ್ದು ಮಾಂಸಖಂಡ ಮತ್ತು ಹೊಟ್ಟೆಯೊಳಗಿನ ಅಂಗಗಳು. ಚರ್ಮದಡಿಯ ಕೊಬ್ಬನ್ನು ಮಾತ್ರ ಆ ಬಡಕಲು ಕೂಸು ಆದಷ್ಟೂ ಉಳಿಸಿಕೊಂಡಿತ್ತು. 2004ರಲ್ಲಿ ಯಾಜ್ಞಿಕರು ಜಾನ್ ಯಡ್ಕಿನ್ ಎಂಬ ಇಂಗ್ಲಿಷ್ ವೈದ್ಯರ ಪಕ್ಕದಲ್ಲಿ ನಿಂತು ತೆಗೆಸಿಕೊಂಡ ಫೋಟೋ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾಯಿತು. ಇಬ್ಬರ ಬಿ.ಎಂ.ಐ. ಒಂದೇ, 22.3. ಇಂಗ್ಲಿಷರ ಮೈಯಲ್ಲಿ ಕೊಬ್ಬು ಶೇಕಡ 9.1, ನಮ್ಮವರ ಮೈಯಲ್ಲಿ ಶೇಕಡ 21.2. ಈಗ ಹೇಳಿ: ನೀವು ವೇದಿಕೆಗೆ ತರಲು ಹೊರಟಿರುವ ತಕ್ಕಡಿ ಇವರಿಬ್ಬರಲ್ಲಿ ಯಾರಿಗೆ ದೀಪ ಕೊಡುತ್ತದೆ? ಅದಕ್ಕೆ ತೂಕ ಗೊತ್ತು, ಕೊಬ್ಬು ಗೊತ್ತಿಲ್ಲ. ಪ್ಯಾಂಟು ಸಡಿಲವಾಗಿರುವ ನಮ್ಮ ಎಷ್ಟೋ ಮಂದಿ ತೆಳು ಮಹನೀಯರು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಾರೆ. ಅವರ ರಕ್ತದಲ್ಲಿ ಸಕ್ಕರೆ ಏರುತ್ತಿರುವುದು ಅವರಿಗೇ ತಿಳಿದಿರುವುದಿಲ್ಲ.

ದೆಹಲಿಯಲ್ಲಿ 1969ರಿಂದ 1972ರೊಳಗೆ ಹುಟ್ಟಿದ ಮಕ್ಕಳನ್ನು ಹುಟ್ಟಿನಿಂದ ದೊಡ್ಡವರಾಗುವವರೆಗೆ ಅಳೆಯುತ್ತ ಬಂದ ಅಧ್ಯಯನವೊಂದಿದೆ, 2004ರಲ್ಲಿ ಪ್ರಕಟವಾಯಿತು. ಮೂವತ್ತರ ಆಸುಪಾಸಿಗೆ ಸಕ್ಕರೆ ಕಾಯಿಲೆಯ ಹೊಸ್ತಿಲಿಗೆ ಬಂದವರು ಎಳವೆಯಲ್ಲಿ ಗುಂಡಗಿದ್ದವರಲ್ಲ. ಎರಡು ವರ್ಷದವರೆಗೆ ತೆಳ್ಳಗಿದ್ದು, ಆಮೇಲೆ ಬೇಗಬೇಗನೆ ಮೈ ತುಂಬಿಕೊಂಡವರು. ಹನ್ನೆರಡನೆಯ ವಯಸ್ಸಿನಲ್ಲಿ ಅವರಲ್ಲಿ ಒಬ್ಬರೂ ಬೊಜ್ಜಿನವರೆಂದು ಕರೆಸಿಕೊಳ್ಳುವಷ್ಟು ದಪ್ಪಗಿರಲಿಲ್ಲ. ಮೊದಲು ಇಲ್ಲದಿರುವುದು, ಆಮೇಲೆ ಒಮ್ಮೆಲೇ ಬರುವುದು: ಅಪಾಯ ಇರುವುದು ಈ ಜೋಡಿಯಲ್ಲಿ.

ನಮ್ಮ ತಲೆಮಾರಿನ ಜೀವನಚರಿತ್ರೆಯೂ ಇದೇ ಅಲ್ಲವೇ? 1972ರ ಬರ ಬಂದಾಗ ಆಗಿನ ಬಿಜಾಪುರ ಜಿಲ್ಲೆಯಲ್ಲಿ ನಮಗೆ ಮೂರು ವರ್ಷ. ಬಾವಿ ಬತ್ತಿದ್ದು ನೆನಪಿಲ್ಲ. ಅಮ್ಮ ಎಲ್ಲರಿಗೂ ಬಡಿಸಿ, ರೊಟ್ಟಿಬುಟ್ಟಿಯ ತಳ ಜಾಡಿಸಿ, ನೀರು ಕುಡಿದು ಏಳುತ್ತಿದ್ದುದು ನೆನಪಿದೆ. ಆಗ ತಮ್ಮ ಆಕೆಯ ಹೊಟ್ಟೆಯಲ್ಲಿದ್ದ. ಆಮೇಲೆ ಶಾಲೆಯಲ್ಲಿ ಕೇರ್ ಸಂಸ್ಥೆಯ ಗೋಧಿ ನುಚ್ಚಿನ ಉಪ್ಪಿಟ್ಟು, ನೀರಿಗೆ ಕದಡಿದ ಹಾಲಿನ ಪುಡಿ. ಉಪ್ಪಿಟ್ಟಿಗಾಗಿಯೇ ಶಾಲೆಗೆ ಹೋದವರು ನಮ್ಮಲ್ಲಿ ಎಷ್ಟು ಮಂದಿ ಇದ್ದೇವೆ, ಕೈ ಎತ್ತಿ! ಉಪ್ಪಿಟ್ಟು ಕಳಿಸಿದ ದೇಶಕ್ಕೇ ಮುಂದೆ ನಾವೇ ಬಂದೆವು. ಇಲ್ಲಿ ಫ್ರಿಜ್ಜು ಬೀರುವಿನಷ್ಟು ದೊಡ್ಡದು, ಸೋಡಾ ಲೋಟ ಬಕೆಟ್ಟಿನಷ್ಟು. ಬರಗಾಲಕ್ಕೆಂದು ಸಿದ್ಧವಾದ ದೇಹಕ್ಕೆ ನಿತ್ಯ ಹಬ್ಬ.

ದೇಹ ಹೇಗೆ ಸಿದ್ಧವಾಗುತ್ತದೆ ಎಂಬುದಕ್ಕೂ ಒಂದೆರಡು ಸುಳಿವುಗಳಿವೆ. ಬ್ರೆಜಿಲಿನ ಸಾವೊ ಪಾವ್ಲೊ ನಗರದ ಕೊಳೆಗೇರಿಗಳಲ್ಲಿ, ಅರೆಹೊಟ್ಟೆಯಿಂದ ಬೆಳವಣಿಗೆ ಕುಂಠಿತವಾದ ಮಕ್ಕಳನ್ನು ಅದೇ ಕೇರಿಯ ಸರಿಯಾಗಿ ಬೆಳೆದ ಮಕ್ಕಳ ಜೊತೆ ಹೋಲಿಸಿದಾಗ, ಕುಂಠಿತವಾದವರ ದೇಹ ಕೊಬ್ಬನ್ನು ಕಡಿಮೆ ಉರಿಸುತ್ತಿತ್ತೆಂದು 2000ದಲ್ಲಿ ವರದಿಯಾಯಿತು. ಉಳಿಸುವುದನ್ನು ಕಲಿತ ದೇಹ ಖರ್ಚು ಮಾಡಲು ಹಿಂದೆಮುಂದೆ ನೋಡುತ್ತದೆ. ಇನ್ನೊಂದು ಪ್ರಯೋಗ ಅಮೆರಿಕದ್ದು, 2016ರದು. ಅನುಕೂಲಸ್ಥರ ಮನೆಯಲ್ಲಿ ಬೆಳೆದವರು ಹಸಿವಿದ್ದಾಗ ಹೆಚ್ಚು ತಿಂದರು, ಇಲ್ಲದಾಗ ಕಡಿಮೆ ತಿಂದರು. ಬಡತನದಲ್ಲಿ ಬೆಳೆದವರು ಹಸಿವಿರಲಿ ಬಿಡಲಿ, ಎದುರಿಗಿದ್ದದ್ದನ್ನು ಒಂದೇ ಸಮನೆ ತಿಂದರು. ಈಗ ಅವರು ಬಡವರೋ ಸಿರಿವಂತರೋ ಎಂಬುದು ಲೆಕ್ಕಕ್ಕೆ ಬರಲಿಲ್ಲ. ಓದಿದಾಗ ನಮಗೆ ನಗು ಬಂತು, ಆಮೇಲೆ ಬರಲಿಲ್ಲ. ತಾಟಿನಲ್ಲಿ ಒಂದು ಅಗುಳು ಬಿಟ್ಟರೆ ಪಾಪ ಎಂದು ಬೆಳೆದವರು ನಾವು. ಪಾಟ್‌ಲಕ್ಕಿನಲ್ಲಿ ಹೊಟ್ಟೆ ತುಂಬಿದ ಮೇಲೂ ಬಿಸಿಬೇಳೆಭಾತಿನ ಪಾತ್ರೆಯ ಕಡೆಗೆ ಚಾಚುವ ಕೈಗೆ ಬರ ಮುಗಿದ ಸುದ್ದಿ ಇನ್ನೂ ತಲುಪಿಲ್ಲ.

ಇದು ಹಸಿವಿನ ಮಾತಾಯಿತು. ಆದರೆ ಬಾಲ್ಯದ ಕಷ್ಟ ಅನ್ನದ ಕಷ್ಟವೊಂದೇ ಅಲ್ಲ. ಇದನ್ನು ಹೇಳಲು ನಾವು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು.

ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಈ ದೇಶಕ್ಕೆ ಬಂದು ರೆಸಿಡೆನ್ಸಿ ಮಾಡುತ್ತಿದ್ದಾಗ ನಮ್ಮ ಹಿರಿಯರು ಕಲಿಸಿದ್ದು ಒಂದೇ ಮಂತ್ರ: ಒಳಗೆ ಹೋಗುವುದನ್ನು ಕಡಿಮೆ ಮಾಡು, ಹೊರಗೆ ಹೋಗುವುದನ್ನು ಹೆಚ್ಚು ಮಾಡು. ತೂಕ ಇಳಿಸದ ರೋಗಿಯ ಫೈಲಿನ ಮೇಲೆ ‘ಹೇಳಿದ ಮಾತು ಕೇಳುವುದಿಲ್ಲ’ ಎಂದು ಬರೆಯುವುದು ವಾಡಿಕೆ. ನಾವೂ ಬರೆದೆವು, ಎಷ್ಟೋ ಸಲ. ಮುಂದೆ ಸ್ವಂತ ಕ್ಲಿನಿಕ್ಕು ಹಾಕಿದ ಮೇಲೆ ಬಂದ ಒಬ್ಬ ಮಹಿಳೆಗೆ, ನಮ್ಮ ದೇಶದವರೇ, ಮೂರು ವರ್ಷ ಅದೇ ಉಪದೇಶ ಮಾಡಿದೆವು. ಒಂದು ದಿನ ತಾಳ್ಮೆ ತಪ್ಪಿ, ಬಾಯಿಗೆ ಬೀಗ ಹಾಕಿಕೊಳ್ಳಮ್ಮಾ ಎಂದೆವು. ಆಕೆ ಬಹಳ ಹೊತ್ತು ಸುಮ್ಮನಿದ್ದು, ಬೀಗ ನನಗೆ ಹೊಸದಲ್ಲ ಡಾಕ್ಟರೇ ಎಂದರು. ತಾಯಿ ತೀರಿಕೊಂಡ ಮೇಲೆ ನಾಲ್ಕನೆಯ ವಯಸ್ಸಿನಿಂದ ಬಂಧುಗಳ ಮನೆಯಲ್ಲಿ ಬೆಳೆದವರು. ಆ ಮನೆಯಲ್ಲಿ ತಿಂಡಿಯ ಬೀರುವಿಗೆ ಬೀಗ. ಕೇಳಿದರೆ ಏಟು, ಕದ್ದರೆ ಇನ್ನೂ ಏಟು. ಸಿಕ್ಕ ದಿನ ದಿಂಬಿನ ಕೆಳಗೆ ಬಚ್ಚಿಟ್ಟುಕೊಳ್ಳುವ ಅಭ್ಯಾಸ. ಈಗ ಕೈತುಂಬ ಸಂಬಳ, ಎರಡು ಕಾರು. ಆದರೂ ಕಾರಿನ ಡ್ರಾಯರಿನಲ್ಲಿ ಕೋಡುಬಳೆಯ ಪೊಟ್ಟಣವಿಲ್ಲದೆ ಮನೆ ಬಿಟ್ಟು ಹೊರಡಲಾಗದು. ಬೀಗದಿಂದ ಆದ ಗಾಯಕ್ಕೆ ನಾವು ಬೀಗವನ್ನೇ ಔಷಧಿಯಾಗಿ ಬರೆದುಕೊಟ್ಟಿದ್ದೆವು. (ಯಾರೆಂದು ಊಹಿಸಲು ಹೋಗಬೇಡಿ. ಈ ಊರಿನವರಲ್ಲ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇವೆ.)

ಕೇಳುವ ಪ್ರಶ್ನೆಯನ್ನು ನಾವು ಕೇಳದಿದ್ದುದಕ್ಕೆ ಅಜ್ಞಾನದ ನೆಪವೂ ಇರಲಿಲ್ಲ. 1980ರ ದಶಕದಲ್ಲೇ ಸ್ಯಾನ್ ಡಿಯಾಗೊದ ಕೈಸರ್ ಪರ್ಮನೆಂಟೆ ಸಂಸ್ಥೆಯಲ್ಲಿ ಡಾ. ವಿನ್ಸೆಂಟ್ ಫೆಲಿಟ್ಟಿ ಬೊಜ್ಜಿನವರಿಗಾಗಿ ಒಂದು ಕಾರ್ಯಕ್ರಮ ನಡೆಸುತ್ತಿದ್ದರು. ಅವರನ್ನು ಕಾಡಿದ ಒಗಟು: ಮಧ್ಯದಲ್ಲಿ ಬಿಟ್ಟುಹೋಗುತ್ತಿದ್ದವರಲ್ಲಿ ಬಹಳ ಮಂದಿ ಸೋತವರಲ್ಲ, ಚೆನ್ನಾಗಿ ತೂಕ ಇಳಿಯುತ್ತಿದ್ದವರು! ಕೂರಿಸಿ ಕತೆ ಕೇಳಿದಾಗ, ಅನೇಕರಿಗೆ ಬಾಲ್ಯದಲ್ಲಿ ಲೈಂಗಿಕ ಹಿಂಸೆಯಾಗಿತ್ತು ಎಂದು ತಿಳಿಯಿತು. ಕೆಲವರಿಗೆ ದಪ್ಪ ಮೈ ಒಂದು ಗೋಡೆ, ಯಾರ ಕಣ್ಣಿಗೂ ಬೀಳದಿರಲು ಕಟ್ಟಿಕೊಂಡದ್ದು. ಗೋಡೆ ಕರಗತೊಡಗಿದಾಗ ಅವರು ಹೆದರಿ ಓಡಿದ್ದರು. ಮುಂದೆ ಫೆಲಿಟ್ಟಿ ಮತ್ತು ಸರ್ಕಾರದ ರೋಗ ನಿಯಂತ್ರಣ ಕೇಂದ್ರದ ರಾಬರ್ಟ್ ಆಂಡಾ ಸೇರಿ 17,000ಕ್ಕೂ ಹೆಚ್ಚು ಜನರನ್ನು ಬಾಲ್ಯದ ಬಗ್ಗೆ ಕೇಳಿದರು: ಹೊಡೆತ, ಬೈಗುಳ, ಕುಡಿಯುವ ತಂದೆ, ಏಟು ತಿನ್ನುವ ತಾಯಿ, ಜೈಲು, ಮನೋರೋಗ. 1998ರ ಮೊದಲ ವರದಿಯ ಪ್ರಕಾರ, ಇಂಥ ನಾಲ್ಕು ಅಥವಾ ಹೆಚ್ಚು ಬಗೆಯ ಕಷ್ಟ ಕಂಡವರಲ್ಲಿ ತೀವ್ರ ಬೊಜ್ಜಿನ ಸಂಭವ, ಒಂದನ್ನೂ ಕಾಣದವರಿಗಿಂತ ಸುಮಾರು ಒಂದೂವರೆ ಪಟ್ಟು. ಒಂದೂವರೆ ಪಟ್ಟು ಎಂದರೆ ಹಣೆಬರಹವಲ್ಲ. ಕಷ್ಟ ಕಂಡೂ ಸಣಕಲಾಗಿ ಉಳಿದವರಿದ್ದಾರೆ. ಸುಖವಾಗಿ ಬೆಳೆದೂ ದಪ್ಪಗಾದವರಿದ್ದಾರೆ. ಆದರೆ ವೇದಿಕೆಯ ಮೇಲೆ ನಿಲ್ಲುವ ಹತ್ತು ಜನರಲ್ಲಿ ಯಾರು ಯಾವ ಮನೆಯಿಂದ ಬಂದವರು ಎಂಬುದು ಮೈಕು ಹಿಡಿದವರಿಗೆ ಗೊತ್ತೇ?

ನಮ್ಮವರ ಮನೆಗಳಲ್ಲಿ ಹಾಗೆಲ್ಲ ಇಲ್ಲ ಎನ್ನುವವರಿಗೆ ನಮ್ಮದೊಂದು ನಮಸ್ಕಾರ. ಮೂವತ್ತು ವರ್ಷ ರೋಗಿಗಳ ಬಾಯಲ್ಲಿ ಕೇಳಿದ್ದೇವೆ. ಇದೆ. ಹೇಳಿಕೊಳ್ಳುವುದಿಲ್ಲ, ಅಷ್ಟೇ.

ಇನ್ನೊಂದು ಮಾತು ಬರುತ್ತದೆ: ನಾವೂ ಬಡತನದಲ್ಲೇ ಬೆಳೆದೆವು, ಗಟ್ಟಿಯಾದೆವು, ನಮಗೇನಾಯಿತು? ಸ್ವಾಮೀ, ನಿಮ್ಮ ಕಿಸೆಯಲ್ಲಿರುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ಕೇಳಿ, ಹೇಳುತ್ತದೆ. ಮತ್ತೆ ಕೆಲವರು, ಹಾಗಾದರೆ ಬಾಲ್ಯವನ್ನು ದೂರಿ ಕೈಕಟ್ಟಿ ಕೂರುವುದೇ ಎನ್ನುತ್ತಾರೆ. ಅಲ್ಲ. ಸಾಲ ಯಾರು ಮಾಡಿದ್ದೆಂದು ತಿಳಿದ ಮಾತ್ರಕ್ಕೆ ಸಾಲ ತೀರುವುದಿಲ್ಲ. ಆದರೆ ಸಾಲಗಾರನ ಮೇಲೆ ಕಲ್ಲು ಹೊರಿಸಿ ಬೀದಿಯಲ್ಲಿ ನಿಲ್ಲಿಸಿದರೂ ತೀರುವುದಿಲ್ಲ.

ಸ್ಪರ್ಧೆಯ ಫಲವನ್ನು ಟಿ.ವಿ.ಯಲ್ಲೇ ನೋಡಿಯಾಗಿದೆ. ‘ದಿ ಬಿಗ್ಗೆಸ್ಟ್ ಲೂಸರ್’ ಎಂಬ ಕಾರ್ಯಕ್ರಮದಲ್ಲಿ ತೂಕ ಇಳಿಸಿದ 14 ಮಂದಿಯನ್ನು ಆರು ವರ್ಷ ಬಿಟ್ಟು ಪರೀಕ್ಷಿಸಿ ಕೆವಿನ್ ಹಾಲ್ ಮತ್ತು ಸಂಗಡಿಗರು 2016ರಲ್ಲಿ ಬರೆದರು. ಸರಾಸರಿ 58 ಕಿಲೋ ಇಳಿಸಿದ್ದವರು 41 ಕಿಲೋ ಮರಳಿ ಪಡೆದಿದ್ದರು. ಅವರ ದೇಹ ವಿಶ್ರಾಂತಿಯಲ್ಲಿ ದಿನಕ್ಕೆ ಇರಬೇಕಾದ್ದಕ್ಕಿಂತ ಸುಮಾರು 500 ಕ್ಯಾಲೊರಿ ಕಡಿಮೆ ಉರಿಸುತ್ತಿತ್ತು. ಮೊದಲೇ ಬರ ಕಂಡ ದೇಹಕ್ಕೆ ನಾವು ಯುಗಾದಿಯೊಳಗೆ ಇನ್ನೊಂದು ಬರ ತರುವುದೇ? 2021ರಲ್ಲಿ ಈ ದೇಶದಲ್ಲಿ ತೂಕಕ್ಕೆಂದು ಅನುಮತಿ ಪಡೆದ ಸೆಮಾಗ್ಲೂಟೈಡ್ ಎಂಬ ವಾರಕ್ಕೊಂದು ಚುಚ್ಚುಮದ್ದನ್ನು ನೋಡಿ. ಅದು ಯಾರ ಚಾರಿತ್ರ್ಯವನ್ನೂ ತಿದ್ದುವುದಿಲ್ಲ, ಹಸಿವಿನ ಸಂಕೇತವನ್ನು ತಗ್ಗಿಸುತ್ತದೆ, ಅಷ್ಟೇ, ತೂಕ ಇಳಿಯುತ್ತದೆ. ತಪ್ಪು ಚಾರಿತ್ರ್ಯದ್ದಾಗಿದ್ದರೆ ಸೂಜಿಗೆ ಇಳಿಯುತ್ತಿತ್ತೇ?

ಬೇಡ ಎಂದಷ್ಟೇ ಹೇಳಿ ಹೋಗುವವರಲ್ಲ ನಾವು. ಸಮಿತಿಯವರಲ್ಲಿ ನಮ್ಮ ಬೇಡಿಕೆಗಳು ಇವು:

1. ತಕ್ಕಡಿಯ ಬದಲು ಯುಗಾದಿಯ ದಿನ ಹಿಂದಿನ ಕೋಣೆಯಲ್ಲಿ, ಪರದೆಯೊಳಗೆ, ಟೇಪು ಮತ್ತು ಸಕ್ಕರೆ ಪರೀಕ್ಷೆ ಇಡೋಣ. ನಮ್ಮವರಲ್ಲಿ ಗಂಡಸರ ಸೊಂಟ 90 ಸೆಂಟಿಮೀಟರು, ಹೆಂಗಸರದು 80 ಮುಟ್ಟಿದರೆ ಎಚ್ಚರ. ಅಮೆರಿಕದ ಡಯಾಬಿಟಿಸ್ ಸಂಘ 2015ರಿಂದ ಏಷ್ಯಾ ಮೂಲದವರನ್ನು 25ರ ಬದಲು 23ರ ಬಿ.ಎಂ.ಐ.ಯಿಂದಲೇ ಪರೀಕ್ಷಿಸಿ ಎಂದಿದೆ. 5 ಅಡಿ 6 ಅಂಗುಲದವರಿಗೆ ಅದು ಸುಮಾರು 142 ಪೌಂಡು. ತೆಳ್ಳಗಿದ್ದೇವೆ ಎನ್ನುವವರು ಮೊದಲು ಬನ್ನಿ.

2. ಬಹುಮಾನದ ಬದಲು ಜೊತೆ ಕೊಡೋಣ. 2002ರಲ್ಲಿ ಪ್ರಕಟವಾದ ಇಲ್ಲಿನ ದೊಡ್ಡ ಅಧ್ಯಯನದಲ್ಲಿ, ತೂಕದಲ್ಲಿ ಶೇಕಡ 7 ಇಳಿಕೆ ಮತ್ತು ವಾರಕ್ಕೆ 150 ನಿಮಿಷದ ನಡಿಗೆ ಎಂಬ ಸಣ್ಣ ಗುರಿಯಿಂದ ಸಕ್ಕರೆ ಕಾಯಿಲೆ ಬರುವುದು ಶೇಕಡ 58ರಷ್ಟು ತಗ್ಗಿತು. ಅಲ್ಲಿ ಪ್ರತಿಯೊಬ್ಬರಿಗೂ ಕೈಹಿಡಿದು ನಡೆಸುವವರೊಬ್ಬರಿದ್ದರು, ನಗುವವರಿರಲಿಲ್ಲ. ಪ್ರತಿ ಶನಿವಾರ ಬೆಳಿಗ್ಗೆ ಎಂಟಕ್ಕೆ ಪಾರ್ಕಿನಲ್ಲಿ ನಾವಿರುತ್ತೇವೆ.

3. ಮೊಮ್ಮಗುವಿನ ಬಾಣಂತನಕ್ಕೆ ಊರಿನಿಂದ ಬರುವ ಅಜ್ಜಿಯರಲ್ಲಿ ವಿನಂತಿ. ಮಗು ಸಣ್ಣಗೆ ಹುಟ್ಟಿದರೆ ಅದನ್ನು ಆರು ತಿಂಗಳಲ್ಲಿ ಗುಂಡಗೆ ಮಾಡಿ ಫೋಟೋ ತೆಗೆಸುವ ಆತುರ ಬೇಡ. ತಾಯಿಯ ಹಾಲಿರಲಿ, ಬೆಳವಣಿಗೆಯನ್ನು ಮಕ್ಕಳ ವೈದ್ಯರು ನೋಡಲಿ, ಸಾಕು ಎಂದು ಬಾಯಿ ತಿರುಗಿಸಿದ ಮಗುವನ್ನು ಬಿಡಿ. ಮತ್ತು ಬಸುರಿ ಕೊನೆಗೆ ಉಣ್ಣುವ ಪದ್ಧತಿ ಯಾವ ಮನೆಯಲ್ಲಾದರೂ ಉಳಿದಿದ್ದರೆ ಇಂದೇ ಮುಗಿಯಲಿ.

4. ನಮ್ಮ ವೈದ್ಯ ಮಿತ್ರರಲ್ಲಿ: ‘ಏನು ತಿನ್ನುತ್ತೀರಿ’ ಎಂದು ಕೇಳುವ ಮುಂಚೆ ‘ಚಿಕ್ಕಂದಿನಲ್ಲಿ ಮನೆಯಲ್ಲಿ ಹೇಗಿತ್ತು’ ಎಂದು ಒಮ್ಮೆ ಕೇಳಿ. ಕೇಳಿದ ಮೇಲೆ ಗಡಿಯಾರ ನೋಡಬೇಡಿ.

5. ಕುಂಭಕರ್ಣ ಪ್ರಶಸ್ತಿಯನ್ನು ಇಂದೇ ರದ್ದು ಮಾಡಿ. ಇದರಲ್ಲಿ ಚರ್ಚೆಯಿಲ್ಲ.

ಬೆಳ್ಳಿ ದೀಪವನ್ನು ಆಗಲೇ ಕೊಂಡಾಗಿದೆ ಎಂದು ಕೇಳಿದೆವು. ಒಳ್ಳೆಯದಾಯಿತು. ಯುಗಾದಿಯ ಕಾರ್ಯಕ್ರಮವನ್ನು ಅದನ್ನೇ ಹಚ್ಚಿ ಆರಂಭಿಸೋಣ. ನಮ್ಮೆಲ್ಲರಿಗೂ ಬಡಿಸಿ ಕೊನೆಗೆ ಬುಟ್ಟಿಯ ತಳ ಜಾಡಿಸಿದ ತಾಯಂದಿರ ಹೆಸರಿನಲ್ಲಿ. ಅಂದು ಎಲ್ಲರ ಕೈಗೂ ಬೇವು ಬೆಲ್ಲ ಸಮವಾಗಿ ಹಂಚುತ್ತೇವೆ. ಬಾಲ್ಯದಲ್ಲಿ ಬೇವೇ ಹೆಚ್ಚು ಸಿಕ್ಕವರು ನಮ್ಮ ನಡುವೆ ಕೂತಿರುತ್ತಾರೆ. ಅವರನ್ನು ತೂಗುವುದು ಬೇಡ.

ಇದಕ್ಕೆ ಉತ್ತರವಿದ್ದವರು ಮುಂದಿನ ಸಂಚಿಕೆಗೆ ಖಂಡಿತ ಬರೆಯಿರಿ. ಜಗಳಕ್ಕೆ ಸಿದ್ಧರಿದ್ದೇವೆ.

ಇಂತು ನಿಮ್ಮ ವಿಶ್ವಾಸಿ,
ಕೂಟದ ಒಬ್ಬ ವೈದ್ಯ ಸದಸ್ಯ